ಡೌಡಿಂಗ್ ವರದಿ: ಪುಣೆಯಲ್ಲಿ ಕೊಂಡ ಮರುಮುದ್ರಣ ಹೇಗಿದೆ?

ಅಪ್ಪಾ ಬಳವಂತ ಚೌಕದ ಒಂದು ಅಂಗಡಿಗೆ ಹೇಳಿ ತರಿಸಿದ ಪುಸ್ತಕ ಇದು. ಬೆಲೆ 550 ರೂಪಾಯಿ. ತೆಳ್ಳಗಿದೆ, ಹೊದಿಕೆ ಮೇಲೆ ಬ್ರಿಟನ್ನಿನ ಸ್ಪಿಟ್‌ಫೈರ್ ಯುದ್ಧವಿಮಾನದ ಚಿತ್ರ. ಒಳಗಿರುವುದು ಏರ್ ಚೀಫ್ ಮಾರ್ಷಲ್ ಹ್ಯೂ ಡೌಡಿಂಗ್ 1941ರ ಆಗಸ್ಟ್ 20ರಂದು ಬ್ರಿಟನ್ ಸರ್ಕಾರಕ್ಕೆ ಕೊಟ್ಟ ವರದಿ. 1940ರ ‘ಬ್ಯಾಟಲ್ ಆಫ್ ಬ್ರಿಟನ್’ ಕದನದಲ್ಲಿ ಜರ್ಮನ್ ವಿಮಾನಗಳನ್ನು ಅವರ ಫೈಟರ್ ಕಮಾಂಡ್, ಅಂದರೆ ಬ್ರಿಟನ್ ವಾಯುಪಡೆಯ ಫೈಟರ್ ವಿಮಾನಗಳ ವಿಭಾಗ, ಹೇಗೆ ತಡೆಯಿತು ಅನ್ನುವ ವಿವರ. ಯುದ್ಧ ಮುಗಿಯುವವರೆಗೂ ಇದು ಗುಪ್ತವಾಗಿತ್ತು. 1946ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಸರ್ಕಾರದ ಅಧಿಕೃತ ಪತ್ರಿಕೆ ಲಂಡನ್ ಗೆಜೆಟ್‌ನ ಪುರವಣಿಯಾಗಿ ಅಚ್ಚಾಯಿತು.

ವರದಿಗೆ ಐದಕ್ಕೆ ಐದು ಕೊಡುತ್ತೇನೆ. ಈ ಮುದ್ರಣಕ್ಕೆ ಎರಡು ಕೊಟ್ಟರೆ ಜಾಸ್ತಿ.

ನಾನು ಗದಗಿನವನು. ವಾಯುಪಡೆಯಲ್ಲಿದ್ದೆ, ಕೊನೆಗೆ ಲೋಹಗಾಂವ್‌ನಲ್ಲಿ ನಿವೃತ್ತನಾಗಿ ವಿಶ್ರಾಂತವಾಡಿಯಲ್ಲೇ ಮನೆ ಮಾಡಿದೆ. ಕೆಲಸದ ಮೊದಲ ವರ್ಷಗಳು ರಾಜಸ್ಥಾನದ ಗಡಿಯ ಅಬ್ಸರ್ವೇಶನ್ ಪೋಸ್ಟ್‌ಗಳಲ್ಲಿ ಕಳೆದವು. ತೀರಾ ಕೆಳಗೆ ಹಾರುವ ವಿಮಾನ ದೂರದ ರಾಡಾರ್‌ಗೆ ಕಾಣುವುದಿಲ್ಲ. ಅದನ್ನು ಮನುಷ್ಯನೇ ನೋಡಬೇಕು. ಯಾವ ದಿಕ್ಕು, ಎಷ್ಟು ವಿಮಾನ, ಎಷ್ಟು ಎತ್ತರ ಅಂತ ತಕ್ಷಣ ರೇಡಿಯೋದಲ್ಲಿ ಹೇಳಬೇಕು. ಮರಳು, ಬಿಸಿಲು, ಮತ್ತೆ ಆಕಾಶ. ಅಲ್ಲಿ ಕೂತವರ ಬಗ್ಗೆ ಯಾರು ಬರೆಯುತ್ತಾರೆ? ಪೈಲಟ್‌ಗಳ ಕತೆ ಎಲ್ಲರಿಗೂ ಬೇಕು.

ಡೌಡಿಂಗ್ ಬರೆದಿದ್ದಾರೆ. ಈ ವರದಿ ನನಗೆ ಇಷ್ಟು ಹಿಡಿಸಲು ಅದೇ ಕಾರಣ.

ಆಗಿನ ಬ್ರಿಟನ್‌ನ ರಾಡಾರ್ ಕಂಬಗಳು ಕರಾವಳಿಯಲ್ಲಿ ಸಮುದ್ರದ ಕಡೆ ಮುಖ ಮಾಡಿ ನಿಂತಿದ್ದವು. ಶತ್ರು ವಿಮಾನ ತೀರ ದಾಟಿ ಒಳಗೆ ಬಂದರೆ ಅವುಗಳ ಕೆಲಸ ಮುಗಿಯಿತು. ಅಲ್ಲಿಂದ ಮುಂದೆ ಆ ವಿಮಾನಗಳ ಜಾಡು ಹಿಡಿಯಲು ಇದ್ದದ್ದು ನೆಲದಿಂದ ಆಕಾಶ ಕಾಯುವವರ ಪಡೆಯಾದ ಅಬ್ಸರ್ವರ್ ಕೋರ್ ಒಂದೇ ಅಂತ ಡೌಡಿಂಗ್ ಸ್ಪಷ್ಟವಾಗಿ ಹೇಳುತ್ತಾರೆ. ದೇಶದ ತುಂಬ ಸುಮಾರು 1000 ಠಾಣೆ, ಸುಮಾರು 30000 ಜನ. ಹೆಚ್ಚಿನವರು ಸಾಮಾನ್ಯ ನಾಗರಿಕರು. ಕೈಯಲ್ಲಿ ದುರ್ಬೀನು, ಪಕ್ಕದಲ್ಲಿ ಟೆಲಿಫೋನ್. ಅವರಿಲ್ಲದಿದ್ದರೆ ಜನರಿಗೆ ಸೈರನ್ ಮೊಳಗಿಸುವುದೂ ಆಗುತ್ತಿರಲಿಲ್ಲ, ಒಳನಾಡಿನಲ್ಲಿ ಶತ್ರುವನ್ನು ಅಡ್ಡಗಟ್ಟುವುದೂ ಅಪರೂಪವಾಗುತ್ತಿತ್ತು. ಇದನ್ನು ಒಬ್ಬ ಸೇನಾಪತಿ ಸರ್ಕಾರಿ ಕಾಗದದಲ್ಲಿ ಒಪ್ಪಿ ಬರೆದಿದ್ದಾರೆ. ಆ ಪ್ಯಾರಾವನ್ನು ನನ್ನ ಹಳೆಯ ಸಹೋದ್ಯೋಗಿಗಳಿಗೆಲ್ಲ ಫೋನ್‌ನಲ್ಲಿ ಓದಿ ಹೇಳಿದ್ದೇನೆ.

ಇನ್ನು ಸುದ್ದಿ ಹರಿಯುವ ದಾರಿ. ರಾಡಾರ್ ಮಾಹಿತಿ ಮೊದಲು ಫೈಟರ್ ಕಮಾಂಡ್‌ನ ಕೇಂದ್ರ ಕಚೇರಿ ಬೆಂಟ್ಲಿ ಪ್ರಯರಿಯ ಫಿಲ್ಟರ್ ರೂಮಿಗೆ ಬರುತ್ತಿತ್ತು. ಅಲ್ಲಿ ಸೋಸಿ ಗ್ರೂಪ್ ಅನ್ನುವ ಪ್ರಾದೇಶಿಕ ವಿಭಾಗಗಳಿಗೆ, ಅವುಗಳ ಕೆಳಗಿನ ಸೆಕ್ಟರ್‌ಗಳಿಗೆ ಕಳಿಸುತ್ತಿದ್ದರು. ದೊಡ್ಡ ಮೇಜಿನ ನಕ್ಷೆಯ ಮೇಲೆ ಗುರುತುಗಳು ಸರಿಯುತ್ತಿದ್ದವು. ಗೋಡೆ ಗಡಿಯಾರದಲ್ಲಿ ಐದೈದು ನಿಮಿಷಕ್ಕೆ ಒಂದು ಬಣ್ಣ: ಕೆಂಪು, ಹಳದಿ, ನೀಲಿ. ಗುರುತಿಗೂ ಅದೇ ಬಣ್ಣ. ನೋಡಿದ ಕೂಡಲೇ ಸುದ್ದಿ ಹಳೆಯದೋ ಹೊಸದೋ ಗೊತ್ತಾಗಬೇಕು. ಗಂಟೆಗೆ 300 ಕಿಲೋಮೀಟರ್ ವೇಗದ ಬಾಂಬರ್ ಒಂದು ನಿಮಿಷಕ್ಕೆ 5 ಕಿಲೋಮೀಟರ್ ಮುಂದೆ ಹೋಗಿರುತ್ತದೆ, ಅಲ್ವಾ? ನಾಲ್ಕು ನಿಮಿಷ ತಡವಾದರೆ ಫೈಟರ್‌ಗಳು ಖಾಲಿ ಆಕಾಶಕ್ಕೆ ಹೋಗಿ ಮುಟ್ಟುತ್ತವೆ. ಪ್ಲಾಟಿಂಗ್ ಮೇಜಿನ ಮುಂದೆ ನಿಂತವರಿಗೆ ಆ ಸಂಕಟ ಗೊತ್ತು.

ಡೌಡಿಂಗ್ ಬಡಾಯಿ ಕೊಚ್ಚುವುದಿಲ್ಲ. ಕದನ ಯಾವ ದಿನ ಶುರುವಾಯಿತು ಅನ್ನುವುದನ್ನೂ ಖಚಿತವಾಗಿ ಹೇಳಲಾಗದು, ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕು ಅಂತ ಹೇಳಿ ಜುಲೈ 10 ಅನ್ನು ಆರಿಸಿಕೊಳ್ಳುತ್ತಾರೆ. ಪೋಲೆಂಡಿನ ಪೈಲಟ್‌ಗಳ 303ನೇ ಸ್ಕ್ವಾಡ್ರನ್ ಒಂದು ತಿಂಗಳಲ್ಲಿ ಯಾವುದೇ ಬ್ರಿಟಿಷ್ ದಳಕ್ಕಿಂತ ಹೆಚ್ಚು ಜರ್ಮನ್ ವಿಮಾನ ಕೆಡವಿತು ಅಂತ ಬರೆಯುತ್ತಾರೆ. ಹಿಂದೆ ಮುಂದೆ ನೋಡದೆ ಪರದೇಶದವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿದ್ದಾರೆ. ಅವರಿಗೇನು ಸಿಕ್ಕಿತು? 1940ರ ನವೆಂಬರ್‌ನಲ್ಲೇ ಹುದ್ದೆಯಿಂದ ಇಳಿಸಿದರು. 1941ರಲ್ಲಿ ವಾಯು ಸಚಿವಾಲಯ ಇದೇ ಕದನದ ಬಗ್ಗೆ ತಂದ ಪುಸ್ತಿಕೆಯಲ್ಲಿ ಅವರ ಹೆಸರೇ ಇರಲಿಲ್ಲ. 1940ರ ಮೇ 16ರ ಪತ್ರದಲ್ಲಿ, ಬೇಕಾಗಿದ್ದದ್ದು 52 ಸ್ಕ್ವಾಡ್ರನ್, ಉಳಿದದ್ದು 36ರಷ್ಟು, ಇನ್ನೂ ಫ್ರಾನ್ಸ್‌ಗೆ ಕಳಿಸಿದರೆ ನಮ್ಮ ದೇಶವೇ ಹೋಗುತ್ತದೆ ಅಂತ ಖಡಾಖಂಡಿತ ಹೇಳಿದ್ದ ಮನುಷ್ಯ ಇವರು. ಅದನ್ನೆಲ್ಲ ನೆನೆದು ಓದಿದರೆ ವರದಿಯ ತಣ್ಣನೆಯ ಧಾಟಿ ಬೇರೆಯೇ ಅನಿಸುತ್ತದೆ. ಎಲ್ಲೂ ಗೋಳಿಲ್ಲ.

ರಾತ್ರಿ ದಾಳಿಯ ಭಾಗ ಸ್ವಲ್ಪ ಕಷ್ಟ. ಸರ್ಚ್‌ಲೈಟ್, ವಿಮಾನದೊಳಗಿನ ರಾಡಾರ್, ಬ್ಯೂಫೈಟರ್ ಅನ್ನುವ ಫೈಟರ್ ವಿಮಾನ ಎಲ್ಲ ಬರುತ್ತವೆ. ತಾಂತ್ರಿಕ ಆಸಕ್ತಿ ಇಲ್ಲದವರು ಬಿಟ್ಟು ಮುಂದೆ ಹೋಗಬಹುದು.

ಈಗ ಮುದ್ರಣದ ವಿಷಯ. ಪ್ರಕಾಶಕರು ಹಳೆಯ ಪುಟಗಳನ್ನು ಯಂತ್ರಕ್ಕೆ ಕೊಟ್ಟು ಅಕ್ಷರ ತೆಗೆದಿದ್ದಾರೆ, ಯಾರೂ ಕಣ್ಣಾಡಿಸಿಲ್ಲ. ಮೂಲದಲ್ಲಿ ಎರಡು ಕಾಲಂ ಇವೆ. ಇಲ್ಲಿ ಎಡಗಡೆಯ ಸಾಲು ಬಲಗಡೆಯ ಸಾಲಿಗೆ ಅಂಟಿಕೊಂಡು ಅರ್ಥ ಕೆಡುತ್ತದೆ. ಪ್ಯಾರಾ ಸಂಖ್ಯೆಗಳು ಹಾರಿವೆ. ಅನುಬಂಧದ ಪಟ್ಟಿಗಳ ಬಲ ಅಂಚು ಕತ್ತರಿಸಿ ಹೋಗಿದೆ. ಅಂಕಿಗಳೇ ಮುಖ್ಯವಾದ ಕಾಗದದಲ್ಲಿ ಅಂಕಿಯೇ ಕಾಣದಿದ್ದರೆ ಹೇಗೆ? ಅಂಗಡಿಯವರು ಪಾಪ, ಬದಲಿ ಪ್ರತಿ ತರಿಸಿ ಕೊಟ್ಟರು. ಅದೂ ಹಾಗೆಯೇ ಇತ್ತು.

ಸುಮ್ನೆ ಇದಕ್ಕೆ ದುಡ್ಡು ಹಾಕಬೇಡಿ. ಲಂಡನ್ ಗೆಜೆಟ್‌ನ ಹಳೆಯ ಸಂಚಿಕೆಗಳು ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. 1946ರ ಆ ಪುರವಣಿ ಸುಮಾರು 30 ಪುಟ. ಅಕ್ಷರ ಸಣ್ಣದು, ಹಾಗಾಗಿ ಎ3 ಕಾಗದದಲ್ಲಿ ಪ್ರಿಂಟ್ ತೆಗೆಸಿ. ನಾನು ಮನೆ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಹಾಗೆ ಮಾಡಿಸಿ ಸ್ಪೈರಲ್ ಹಾಕಿಸಿದೆ. ಕಡಿಮೆ ಖರ್ಚು, ಪಟ್ಟಿಗಳೂ ಪೂರ್ತಿ ಬಂದಿವೆ. ಅದರ ಪ್ರತಿ ಬೇಕಾದ ಪುಣೆಯ ಕನ್ನಡಿಗರು ಕೇಳಿ, ಕೊಡುತ್ತೇನೆ. ಓದುವಾಗ ಅಬ್ಸರ್ವರ್ ಕೋರ್ ಭಾಗದಿಂದಲೇ ಶುರು ಮಾಡಿ.