ಜಯನಗರದ ಸ್ಪೀಚ್ ಥೆರಪಿ ಕ್ಲಿನಿಕ್: ಪಾರ್ಕಿನ್ಸನ್ ಇರುವ ಅಪ್ಪನ ದನಿಗೆ, ಊಟಕ್ಕೆ

ಪಾರ್ಕಿನ್ಸನ್ ಅಂದ ಕೂಡಲೇ ಎಲ್ಲರ ಕಣ್ಣೂ ಕೈ ನಡುಕದ ಕಡೆ ಹೋಗುತ್ತದೆ. ನಮ್ಮಪ್ಪನಿಗೆ ನಡುಕಕ್ಕಿಂತ ಹೆಚ್ಚು ಕಾಡಿದ್ದು ದನಿ, ಆಮೇಲೆ ಊಟ. ಬಿಎಂಟಿಸಿಯಲ್ಲಿ ಕಂಡಕ್ಟರ್ ಆಗಿ ರಿಟೈರ್ ಆದವರು. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿನಿಂದ ಡ್ರೈವರ್‌ಗೆ ಕೇಳುವಂತೆ ಕೂಗುತ್ತಿದ್ದ ಗಂಟಲು, ಪಕ್ಕದ ಕುರ್ಚಿಗೂ ಕೇಳದಷ್ಟು ಇಳಿದುಹೋಗಿತ್ತು. ಫೋನ್ ಮಾಡಿದರೆ ಮಂಡ್ಯದ ಸೋದರತ್ತೆ "ಲೈನ್ ಸರಿ ಇಲ್ಲ" ಅಂತ ಇಟ್ಟುಬಿಡುತ್ತಿದ್ದರು. ನೀರು ಕುಡಿದರೆ ಕೆಮ್ಮು. ಊಟ ಆದಮೇಲೆ ಮಾತಾಡಿದರೆ ಗಂಟಲಲ್ಲಿ ಏನೋ ನಿಂತಂತೆ ಗೊರಗೊರ ಸದ್ದು. ನ್ಯೂರಾಲಜಿಸ್ಟ್ ಚೀಟಿ ಬರೆದುಕೊಟ್ಟು ಈ ಕ್ಲಿನಿಕ್ಕಿಗೆ ಕಳಿಸಿದರು.

ಮೊದಲೇ ಹೇಳಿಬಿಡುತ್ತೇನೆ: ತುಂಬಾ ಒಳ್ಳೆಯ ಕೆಲಸ ಮಾಡುತ್ತಾರೆ. ಕೊರತೆಗಳೂ ಇವೆ, ಅವನ್ನೂ ಬರೆಯುತ್ತೇನೆ.

ಅಪಾಯಿಂಟ್‌ಮೆಂಟ್ ಕೊಡುವಾಗಲೇ "ಅಂಕಲ್ ದಿನಾ ತಿನ್ನೋ ಊಟಾನೇ ಡಬ್ಬಿಗೆ ಹಾಕ್ಕೊಂಡು ಬನ್ನಿ" ಅಂದಿದ್ದರು. ಥೆರಪಿಸ್ಟ್ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದ ಹೆಣ್ಣುಮಗಳು. ಮಾತ್ರೆ ಎಷ್ಟೊತ್ತಿಗೆ ಆಯಿತು ಅಂತ ಮೊದಲು ಕೇಳಿದರು. ಪಾರ್ಕಿನ್ಸನ್‌ಗೆ ಕೊಡುವ ಆ ಲೆವೊಡೋಪ ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ ನುಂಗುವುದು ಬೇರೆ, ಅದರ ಪ್ರಭಾವ ಇಳಿದ ಹೊತ್ತಿನಲ್ಲಿ ಬೇರೆ. ಆಮೇಲೆ ಅಪ್ಪನ ಗಂಟಲ ಮೇಲೆ ನಾಲ್ಕು ಬೆರಳು ಇಟ್ಟುಕೊಂಡು, ಒಂದೊಂದು ತುತ್ತಿಗೂ ಗಂಟಲ ಗಂಟು ಯಾವಾಗ ಮೇಲೆದ್ದಿತು, ಎಷ್ಟು ಎದ್ದಿತು ಅಂತ ನೋಡಿದರು.

ನಮ್ಮದು ಮುದ್ದೆ ಊಟದ ಮನೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಇಡೀ ಕೆಲಸ ನಾಲಿಗೆಯದ್ದು. ಅಪ್ಪನ ನಾಲಿಗೆ ತುತ್ತನ್ನು ಹಿಂದಕ್ಕೆ ತಳ್ಳಲು ಹೋಗಿ, ಮತ್ತೆ ಮುಂದಕ್ಕೆ ಬಂದು, ಮತ್ತೆ ಹಿಂದಕ್ಕೆ ಹೋಗಿ, ಅಲ್ಲಲ್ಲೇ ತೂಗಾಡುತ್ತಿತ್ತು. ಕೊನೆಗೆ ನುಂಗಿದರೂ ಸ್ವಲ್ಪ ನಾಲಿಗೆಯ ಬುಡದಲ್ಲೇ ಉಳಿಯುತ್ತಿತ್ತು. ಇಷ್ಟು ದಿನ ಎದುರಿಗೇ ಕೂತು ಬಡಿಸಿದ ನಮಗೆ "ನಿಧಾನಕ್ಕೆ ಊಟ ಮಾಡ್ತಾರೆ" ಅನ್ನುವುದಷ್ಟೇ ಕಂಡಿತ್ತು. ಆಕೆ ಟಾರ್ಚ್ ಹಿಡಿದು ಬಾಯೊಳಗೆ ತೋರಿಸಿದಾಗ ಕೆನ್ನೆಯ ಸಂದಿಯಲ್ಲಿ ಬೆಳಗಿನ ಉಪ್ಪಿಟ್ಟಿನ ರವೆಯೂ ಇತ್ತು.

ಅಷ್ಟಾದರೂ ಅವತ್ತೇ ಪಥ್ಯ ಹೇಳಲಿಲ್ಲ. ಇದು ನನಗೆ ಬಹಳ ಹಿಡಿಸಿತು. ಹೊರಗಿನಿಂದ ನೋಡಿ ಊಹಿಸುವುದು ಸಾಲದು ಅಂತ, ಆಸ್ಪತ್ರೆಯಲ್ಲಿ ಬೇರಿಯಂ ಕುಡಿಸಿ ತೆಗೆಯುವ ವಿಡಿಯೋ ಎಕ್ಸ್‌ರೇಗೆ ಬರೆದುಕೊಟ್ಟರು. ಮೂಗಿನ ಮೂಲಕ ತೆಳು ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆಯೂ ಇದೆ. ನಮಗೆ ಎಕ್ಸ್‌ರೇ ಸಾಕಾಯಿತು. ಆ ವಿಡಿಯೋದಲ್ಲಿ ತೆಳು ನೀರು ಶ್ವಾಸನಾಳಕ್ಕೆ ಇಳಿಯುವುದು ಕಂಡಿತು, ಅಪ್ಪ ಕೆಮ್ಮಲೇ ಇಲ್ಲ. ಕೆಮ್ಮು ಬಂದರೆ ಮಾತ್ರ ಅಪಾಯ ಅಂತ ನಂಬಿಕೊಂಡಿರುವ ಎಲ್ಲ ಮನೆಯವರೂ ಇದನ್ನು ತಿಳಿದಿರಬೇಕು. ಸದ್ದಿಲ್ಲದೆ ಇಳಿದದ್ದೇ ನ್ಯುಮೋನಿಯಾಕ್ಕೆ ದಾರಿ ಮಾಡುತ್ತದೆ. ಎಂಜಲಿನ ಜೊತೆ ಬಾಯಿಯ ಬ್ಯಾಕ್ಟೀರಿಯಾವೂ ಶ್ವಾಸಕೋಶಕ್ಕೆ ಹೋಗುವುದರಿಂದ, ಊಟವಾದ ಮೇಲೆ ಹಲ್ಲು, ನಾಲಿಗೆ ಉಜ್ಜಿಸುವುದನ್ನೂ ಚಿಕಿತ್ಸೆಯ ಭಾಗ ಅಂತಲೇ ಹೇಳಿಕೊಟ್ಟರು.

ರಿಪೋರ್ಟ್ ಬಂದಮೇಲೆ ನಮ್ಮ ಅಡುಗೆಮನೆಯನ್ನೇ ಮುಂದಿಟ್ಟುಕೊಂಡು ಮಾತಾಡಿದರು. ಮುದ್ದೆ ನಿಂತಿತು, ರಾಗಿ ನಿಲ್ಲಲಿಲ್ಲ. ಗಂಟಿಲ್ಲದ ಗಂಜಿಯಾಗಿ ಬಂತು. ಮಂಡಕ್ಕಿ, ಒಣ ಅವಲಕ್ಕಿ, ಕಡ್ಲೆಕಾಯಿ ಬೀಜ ಇರುವ ಚಿತ್ರಾನ್ನ ಬೇಡ. ಒಗ್ಗರಣೆ ಮಜ್ಜಿಗೆಯಲ್ಲಿ ಸಾಸಿವೆ, ಕರಿಬೇವು ಇರಬಾರದು. ನನಗೆ ಆಶ್ಚರ್ಯವಾಗಿದ್ದು ಅನ್ನ ತಿಳಿಸಾರಿನ ವಿಷಯ. ಕಾಯಿಲೆಯವರಿಗೆ ಅದಕ್ಕಿಂತ ಹಗುರ ಊಟವಿಲ್ಲ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಆದರೆ ತುತ್ತನ್ನು ಬಾಯಲ್ಲಿ ಸಂಭಾಳಿಸುವಷ್ಟರಲ್ಲಿ ಸಾರು ಮುಂಚೆಯೇ ಗಂಟಲಿಗೆ ಓಡುತ್ತದೆ, ಅನ್ನ ಹಿಂದೆ ಉಳಿಯುತ್ತದೆ. ಹಾಗಾಗಿ ಮೆತ್ತಗೆ ಬೇಯಿಸಿದ ಅನ್ನವನ್ನು ಗಟ್ಟಿ ಬೇಳೆಯ ಜೊತೆಗೋ ಮೊಸರಿನ ಜೊತೆಗೋ ಒಂದೇ ಹದಕ್ಕೆ ಕಿವುಚಬೇಕು.

ನೀರು, ಕಾಫಿಯನ್ನು ಗಟ್ಟಿ ಮಾಡಲು ಥಿಕ್ನರ್ ಪುಡಿ. ಮೊದಲು ಮೆಡಿಕಲ್ ಸ್ಟೋರ್‌ನವರು ಕೊಟ್ಟದ್ದು ಪಿಷ್ಟದ ಪುಡಿ. ಕಾಫಿ ಗಂಜಿಯಂತಾಯಿತು, ಅಪ್ಪ ಲೋಟ ಪಕ್ಕಕ್ಕೆ ಸರಿಸಿದರು. ಎಂಜಲು ತಗುಲಿದರೆ ಪಿಷ್ಟ ಕರಗಿ ಮತ್ತೆ ತೆಳ್ಳಗಾಗುವ ತೊಂದರೆಯೂ ಇದೆ. ಥೆರಪಿಸ್ಟ್ ಹೇಳಿದ ಕ್ಸಾಂಥನ್ ಗಮ್ ಪುಡಿ ವಾಸಿ: ನೀರು ತಿಳಿಯಾಗೇ ಕಾಣುತ್ತದೆ, ರುಚಿ ಕೆಡುವುದಿಲ್ಲ. ಹಾಲಿನಲ್ಲಿ ಹದಕ್ಕೆ ಬರಲು ನೀರಿಗಿಂತ ಹೆಚ್ಚು ಹೊತ್ತು ಬೇಕು, ಗಟ್ಟಿಯಾಗಲಿಲ್ಲ ಅಂತ ಮೇಲೆ ಮೇಲೆ ಪುಡಿ ಸುರಿಯಬಾರದು. ದುಬಾರಿ ಅನ್ನುವುದಂತೂ ನಿಜ.

ಹದ ನೋಡುವುದಕ್ಕೆ ಐಡಿಡಿಎಸ್‌ಐ ಅನ್ನುವ ಅಂತರರಾಷ್ಟ್ರೀಯ ಅಳತೆ ಇದೆ, 0ಯಿಂದ 7ರವರೆಗೆ. ಅಪ್ಪನಿಗೆ ಹೇಳಿದ್ದು 2ನೇ ಹಂತ. 10 ಮಿಲಿ ಸಿರಿಂಜಿನ ಒಳಗಿನ ಒತ್ತುವ ದಂಡ ತೆಗೆದು, ತುದಿಗೆ ಬೆರಳು ಒತ್ತಿ, 10ರ ಗೆರೆಯವರೆಗೆ ತುಂಬಿಸಬೇಕು. ಬೆರಳು ತೆಗೆದು 10 ಸೆಕೆಂಡ್ ಬಿಟ್ಟು ಮತ್ತೆ ಮುಚ್ಚಬೇಕು. 4ರಿಂದ 8 ಮಿಲಿ ಉಳಿದರೆ ಸರಿ. ಕ್ಲಿನಿಕ್ಕಿನಲ್ಲಿ ನನ್ನ ಕೈಯಲ್ಲೇ, ನಮ್ಮ ಫ್ಲಾಸ್ಕಿನ ಕಾಫಿಯಲ್ಲೇ ಮಾಡಿಸಿದರು. ಈ ಪುಡಿಯನ್ನು ಪರೀಕ್ಷೆ ಇಲ್ಲದೆ ನೀವಾಗಿ ಶುರು ಮಾಡಬೇಡಿ. ಗಟ್ಟಿ ನೀರನ್ನು ಜನ ಕಡಿಮೆ ಕುಡಿಯುತ್ತಾರೆ, ಮೈಯಲ್ಲಿ ನೀರಿನ ಅಂಶ ಇಳಿಯುತ್ತದೆ.

ದನಿಗೆ ಕೊಟ್ಟದ್ದು ಎಲ್‌ಎಸ್‌ವಿಟಿ ಲೌಡ್. 1980ರ ದಶಕದಲ್ಲಿ ಅಮೆರಿಕದಲ್ಲಿ ಪಾರ್ಕಿನ್ಸನ್ ಇರುವವರಿಗಾಗಿಯೇ ರೂಪಿಸಿದ ಪದ್ಧತಿ. ಲೀ ಸಿಲ್ವರ್‌ಮನ್ ಅನ್ನುವ ಒಬ್ಬ ರೋಗಿಯ ಹೆಸರೇ ಅದಕ್ಕಿದೆ. ವಾರಕ್ಕೆ 4 ದಿನ, 4 ವಾರ, ದಿನಕ್ಕೆ ಒಂದು ಗಂಟೆ, ಜೊತೆಗೆ ಮನೆಪಾಠ. ಗುರಿ ಒಂದೇ, ಜೋರಾಗಿ ಮಾತಾಡುವುದು. ಈ ಕಾಯಿಲೆಯಲ್ಲಿ ತನ್ನ ದನಿ ಎಷ್ಟಿದೆ ಅನ್ನುವ ಅಂದಾಜೇ ತಪ್ಪುತ್ತದೆ. ಅಪ್ಪ "ನಾನು ಸರಿಯಾಗೇ ಮಾತಾಡ್ತಿದೀನಿ, ನಿಮಗೇ ಕೇಳ್ಸಲ್ಲ" ಅಂತ ರೇಗುತ್ತಿದ್ದದ್ದು ಹಟದಿಂದಲ್ಲ ಅಂತ ಆಗ ಅರ್ಥವಾಯಿತು. ಥೆರಪಿಸ್ಟ್ ಜೋರಾಗಿ ಹೇಳಿಸಿದಾಗ "ಕಿರುಚಿದಂಗೆ ಆಗುತ್ತೆ ಕಣಮ್ಮ" ಅಂದರು. ಆಕೆ ರೆಕಾರ್ಡ್ ಮಾಡಿದ್ದನ್ನು ಕೇಳಿಸಿ, "ಅಂಕಲ್, ಇದು ಕಿರುಚಿದ ಥರ ಇದೆಯಾ?" ಅಂದರು. ಅಪ್ಪ ಎರಡನೇ ಸಲ ಕೇಳಿಸಿಕೊಂಡು, "ಇಲ್ಲ, ಮಾಮೂಲಿ ಇದೆ" ಅಂದರು.

ದಿನಾ ಬಳಸುವ ಹತ್ತು ಮಾತು ಆರಿಸಿಕೊಂಡು ಅಭ್ಯಾಸ ಮಾಡಬೇಕು. ಆ ಪಟ್ಟಿಯಲ್ಲಿ "ಕಾಫಿ ಕೊಡು", "ಮಾತ್ರೆ ಆಯ್ತಾ" ಜೊತೆಗೆ "ಮುಂದೆ ಹೋಗ್ರೀ, ಮುಂದೆ ಜಾಗ ಇದೆ", "ಹೋಲ್ಡಾನ್", "ರೈಟ್ ರೈಟ್" ಕೂಡ ಸೇರಿದವು, ಅಪ್ಪ ತಾವೇ ಬರೆಸಿದ್ದು. ಬರೀ "ಆ..." ಅಂತ ಎಳೆಯುವಾಗ ಬೇಸರ ಮಾಡಿಕೊಳ್ಳುತ್ತಿದ್ದವರು, "ಹೋಲ್ಡಾನ್" ಬಂದ ಕೂಡಲೇ ಬೆನ್ನು ನೇರ ಮಾಡಿ ಕೂರುತ್ತಿದ್ದರು. ಕೋರ್ಸ್ ಮುಗಿಯುವ ಹೊತ್ತಿಗೆ ಅತ್ತೆ ಫೋನಿನಲ್ಲಿ ಅಣ್ಣನ ಜೊತೆ ಊರಿನ ಗದ್ದೆ ವಿಷಯವೆಲ್ಲ ಮಾತಾಡಿದರು. ಕಾಯಿಲೆ ವಾಸಿಯಾಗಿಲ್ಲ, ಆಗುವುದೂ ಇಲ್ಲ. ಅಭ್ಯಾಸ ಬಿಟ್ಟ ವಾರ ದನಿ ಇಳಿಯುತ್ತದೆ.

ಎಲ್ಲರಿಗೂ ಇದೇ ಮದ್ದಲ್ಲ. ಕಾಯುವ ಜಾಗದಲ್ಲಿ ಪರಿಚಯವಾದ ಒಬ್ಬರ ತಾಯಿಗೆ ಎಎಲ್‌ಎಸ್, ಸ್ನಾಯುಗಳ ಬಲ ಕುಗ್ಗುತ್ತಾ ಹೋಗುವ ನರಗಳ ಕಾಯಿಲೆ. ಅವರಿಗೆ ಸ್ನಾಯುಗಳನ್ನು ದಣಿಸುವ ಇಂಥ ವ್ಯಾಯಾಮ ಕೊಟ್ಟಿರಲಿಲ್ಲ. ದನಿ ಇರುವಾಗಲೇ ಮಾತುಗಳನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಲು ಹೇಳಿ, ಶಕ್ತಿ ಉಳಿಸಿಕೊಂಡು ಮಾತಾಡುವುದನ್ನು ಕಲಿಸುತ್ತಿದ್ದರಂತೆ.

ಈಗ ಕೊರತೆ. ಕ್ಲಿನಿಕ್ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಹೆಜ್ಜೆ ಅಂಟಿಕೊಳ್ಳುವ ರೋಗಿಗಳು ಬರುವ ಜಾಗಕ್ಕೆ ಆ ಕಡಿದಾದ ಮೆಟ್ಟಿಲು ಖಂಡಿತ ಸರಿಯಲ್ಲ. ಕೇಳಿದರೆ ಕೆಳಗಿನ ಅಂಗಡಿಯವರ ಪಕ್ಕದ ಕೋಣೆಯಲ್ಲಿ ನೋಡುತ್ತಾರೆ, ಆದರೆ ಆ ಮಾತು ನಮಗೆ ತಡವಾಗಿ ತಿಳಿಯಿತು. ಮನೆಪಾಠದ ಹಾಳೆ ಬರೀ ಇಂಗ್ಲಿಷಿನಲ್ಲಿತ್ತು. ಅಪ್ಪನೇ ಓದಿಕೊಂಡು ಮಾಡಬೇಕಾದದ್ದು ಅಂತ ಹೇಳಿದ ಮೇಲೆ ಥೆರಪಿಸ್ಟ್ ಕನ್ನಡದಲ್ಲಿ ಕೈಯಾರೆ ದಪ್ಪಕ್ಷರದಲ್ಲಿ ಬರೆದುಕೊಟ್ಟರು. ಅದನ್ನೇ ಅಚ್ಚು ಹಾಕಿಸಿ ಇಟ್ಟರೆ ಎಷ್ಟೋ ಜನಕ್ಕೆ ಅನುಕೂಲ. ಸೆಷನ್‌ಗೆ 1,000 ರೂಪಾಯಿ, ನಮ್ಮ ಇನ್ಶೂರೆನ್ಸ್ ಇದಕ್ಕೆ ಕೊಡಲಿಲ್ಲ. ಅಷ್ಟು ಕಷ್ಟವಾದವರು ನಿಮ್ಹಾನ್ಸ್‌ನಲ್ಲಿ ವಿಚಾರಿಸಿ, ಅಲ್ಲೂ ಸ್ಪೀಚ್ ಪೆಥಾಲಜಿ ವಿಭಾಗವಿದೆ.

ಹೋಗುವುದಾದರೆ ಮಾತ್ರೆ ಕೆಲಸ ಮಾಡುವ ಹೊತ್ತು ನೋಡಿ ಬುಕ್ ಮಾಡಿ. ಸಂಜೆ ಐದರ ಸ್ಲಾಟ್ ಬೇಡ. ಕತ್ರಿಗುಪ್ಪೆಯಿಂದ ಟ್ರಾಫಿಕ್ ದಾಟುವಷ್ಟರಲ್ಲಿ ಅಪ್ಪ ಸುಸ್ತಾಗಿರುತ್ತಿದ್ದರು. ಬೆಳಗ್ಗೆ ಹನ್ನೊಂದರದ್ದು ಕೇಳಿ ತೆಗೆದುಕೊಳ್ಳಿ, ಊಟದ ಡಬ್ಬಿಯೂ ಜೊತೆಗಿರಲಿ.