ಮೊದಲ ಡ್ರೈವಿಂಗ್ ಟೆಸ್ಟ್‌ಗೆ ಪೆಟ್ರೋಲೋ, ಡೀಸೆಲ್ಲೋ, ಆಟೋಮ್ಯಾಟಿಕ್ಕೋ?

ಹದಿನೇಳು, ಹದಿನೆಂಟರ ವಯಸ್ಸಿನಲ್ಲಿ ಕೊಟ್ಟ ಡ್ರೈವಿಂಗ್ ಟೆಸ್ಟ್ ಬಗ್ಗೆ ಯಾರನ್ನು ಕೇಳಿದರೂ ಮೊದಲು ಬಾಯಿಗೆ ಬರುವುದು ಏರಿನ ಮಾತು. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿದ್ದು, ಇಲ್ಲವೇ ಹೊರಡಿಸಲು ಹೋಗಿ ಗಾಡಿ ಹಿಂದಕ್ಕೆ ಜಾರಿದ್ದು. ಸಿಗ್ನಲ್ಲು, ಪಾರ್ಕಿಂಗು, ಪರೀಕ್ಷಕರ ಮುಖ ಎಲ್ಲ ಮಸುಕಾಗುತ್ತದೆ; ಕ್ಲಚ್ಚಿನ ಮೇಲೆ ನಡುಗಿದ ಎಡಗಾಲು ಮಾತ್ರ ಮರೆಯುವುದಿಲ್ಲ. ಹಾಗಾಗಿ ಟೆಸ್ಟಿಗೆ ಯಾವ ಕಾರು ಅಂದಾಗ ನಾನು ತೂಗಿ ನೋಡುವುದು ಅದೊಂದನ್ನೇ. ಮೂರೂ ಬಗೆಯ ಕಾರುಗಳನ್ನು ಏರು ಹತ್ತಿಸಿ, ರಿವರ್ಸ್ ಹಾಕಿ, ಬೇಕೆಂದೇ ಆಫ್ ಮಾಡಿಸಿ ನೋಡಿಯಾದ ಮೇಲೆ ನನ್ನ ಓಟು ಸಣ್ಣ ಪೆಟ್ರೋಲ್ ಮ್ಯಾನುವಲ್‌ಗೆ. ಅದೂ ಕೈಯಲ್ಲಿ ಎಳೆಯುವ ಹ್ಯಾಂಡ್‌ಬ್ರೇಕ್ ಇರುವ ಹಳೇ ಕಾಲದ್ದಕ್ಕೆ. ಮೂರರಲ್ಲಿ ಸುಲಭದ್ದು ಇದಲ್ಲ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಎರಡು ಮ್ಯಾನುವಲ್‌ಗಳಲ್ಲಿ ಸುಲಭದ್ದು ಡೀಸೆಲ್. ಸಮತಟ್ಟಿನಲ್ಲಿ ಆಕ್ಸಿಲರೇಟರ್ ಮುಟ್ಟದೆ ಕ್ಲಚ್ ಮಾತ್ರ ನಿಧಾನವಾಗಿ ಬಿಟ್ಟರೂ ಗಾಡಿ ತಾನೇ ಹೊರಡುತ್ತದೆ. ಐಡಲ್‌ನಲ್ಲೇ, ಅಂದರೆ ಆಕ್ಸಿಲರೇಟರ್ ಮುಟ್ಟದೆ ಓಡುತ್ತಿರುವಾಗಲೇ, ಎಂಜಿನ್‌ಗೆ ಸಾಕಷ್ಟು ಎಳೆತ ಇರುತ್ತದೆ, ಭಾರ ಬಿದ್ದಂತೆ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಇನ್ನಷ್ಟು ಇಂಧನ ಸುರಿದು ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಬೀಳದಂತೆ ಹಿಡಿಯುತ್ತದೆ. ಹೊಸ ಕಾಲಿನ ತಪ್ಪುಗಳನ್ನು ಅದು ನುಂಗಿಕೊಳ್ಳುತ್ತದೆ. ರಿವರ್ಸ್ ಪಾರ್ಕಿಂಗಿಗಂತೂ ಡೀಸೆಲ್ಲಿನಷ್ಟು ಹಾಯಾದದ್ದಿಲ್ಲ. ಬಲಗಾಲನ್ನು ಬ್ರೇಕಿನ ಮೇಲೆ ಇಟ್ಟುಕೊಂಡೇ ಇಂಚಿಂಚಾಗಿ ಹಿಂದೆ ಹೋಗಬಹುದು.

ಆದರೆ ಈ ನುಂಗಿಕೊಳ್ಳುವ ಗುಣವೇ ಆಮೇಲೆ ಕಾಡುತ್ತದೆ. ಡೀಸೆಲ್ಲಿನಲ್ಲಿ ಕಲಿತ ಕಾಲಿಗೆ ಕ್ಲಚ್ ಬಿಡುವ ಮುಂಚೆ ಆರ್‌ಪಿಎಂ ಏರಿಸುವ ಅಭ್ಯಾಸವೇ ಬೆಳೆಯುವುದಿಲ್ಲ. ಮುಂದೆ ಮನೆಯವರದೋ ಗೆಳೆಯರದೋ ಪೆಟ್ರೋಲ್ ಕಾರು ಕೈಗೆ ಬಂದ ದಿನ ಪ್ರತಿ ಸಿಗ್ನಲ್ಲಿನಲ್ಲೂ ಆಫ್. ಜೊತೆಗೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊದ ಕಾಟ ಬೇರೆ: ಸುಮಾರು 1,500ರಿಂದ 2,000 ಆರ್‌ಪಿಎಂವರೆಗೆ ತೂಕಡಿಸುವ ಎಂಜಿನ್ ಆಮೇಲೆ ಒಮ್ಮೆಲೇ ಎಗರುತ್ತದೆ, ಇಕ್ಕಟ್ಟಿನ ತಿರುವಿನಲ್ಲಿ ಅದು ಬೇಡದ ಆಶ್ಚರ್ಯ. ಕ್ಲಚ್ ಪೆಡಲ್ ಕೂಡ ಸಾಮಾನ್ಯವಾಗಿ ಬಿಗಿ. ಟೆಸ್ಟಿನ ಸರದಿಗಾಗಿ ಕಾದು ಕಾದು ಸೋತ ತೆಳ್ಳಗಿನ ಕಾಲಿಗೆ ಅದು ಬೇಗ ಗೊತ್ತಾಗುತ್ತದೆ.

ಆಟೋಮ್ಯಾಟಿಕ್‌ನಲ್ಲಿ ಎಡಗಾಲಿನ ಪ್ರಶ್ನೆಯೇ ಇಲ್ಲ, ಟೆಸ್ಟ್ ಪಾಸಾಗುವುದಷ್ಟೇ ಗುರಿಯಾದರೆ ಮಾತು ಅಲ್ಲಿಗೆ ಮುಗಿಯಿತು. ಹಣ ಕಟ್ಟುವ ಮುನ್ನ ಎರಡು ವಿಷಯ ವಿಚಾರಿಸಬೇಕು ಅಷ್ಟೇ. ಒಂದು, ಪರವಾನಗಿಯ ನಿರ್ಬಂಧ. ಬ್ರಿಟನ್ನಿನಲ್ಲಿ ಆಟೋಮ್ಯಾಟಿಕ್‌ನಲ್ಲಿ ಪಾಸಾದವರು ಮ್ಯಾನುವಲ್ ಓಡಿಸುವಂತಿಲ್ಲ. ಜಪಾನಿನಲ್ಲಿ 1991ರಿಂದ ಆಟೋಮ್ಯಾಟಿಕ್‌ಗೆ ಸೀಮಿತವಾದ ಪರವಾನಗಿಯೇ ಬೇರೆ ಇದೆ. ಜರ್ಮನಿಯಲ್ಲಿ 2021ರಿಂದ ಕನಿಷ್ಠ 10 ಮ್ಯಾನುವಲ್ ಪಾಠ ಮುಗಿಸಿ ಶಾಲೆಯ ಸಣ್ಣ ಪರೀಕ್ಷೆ ದಾಟಿದವರಿಗೆ, ಟೆಸ್ಟನ್ನು ಆಟೋಮ್ಯಾಟಿಕ್‌ನಲ್ಲಿ ಕೊಟ್ಟರೂ ಎರಡನ್ನೂ ಓಡಿಸುವ ಅವಕಾಶವಿದೆ. ಈ ಭೇದವೇ ಇಲ್ಲದ ದೇಶಗಳೂ ಇವೆ.

ಎರಡನೆಯದು, ಆಟೋಮ್ಯಾಟಿಕ್ ಎಂದರೆ ಯಾವ ಆಟೋಮ್ಯಾಟಿಕ್ ಎಂಬುದು. ಟಾರ್ಕ್ ಕನ್ವರ್ಟರ್ (ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಬಲ ಸಾಗಿಸುವ ಭಾಗ) ಇರುವ ಕಾರು ಬ್ರೇಕ್ ಬಿಟ್ಟ ತಕ್ಷಣ ಮುಂದಕ್ಕೆ ತೆವಳುತ್ತದೆ. ಸಣ್ಣ ಏರಿನಲ್ಲಿ ಆ ತೆವಳುವಿಕೆಯೇ ಗಾಡಿಯನ್ನು ಹಿಡಿದಿಡುತ್ತದೆ. ಎಎಂಟಿ, ಅಂದರೆ ಆಟೋಮೇಟೆಡ್ ಮ್ಯಾನುವಲ್, ಹಾಗಲ್ಲ. ಒಳಗಿರುವುದು ಮಾಮೂಲಿ ಮ್ಯಾನುವಲ್ ಕ್ಲಚ್ಚೇ, ಅದನ್ನು ಒತ್ತಿ ಬಿಡುವುದು ಮಾತ್ರ ಯಂತ್ರ. ಬ್ರೇಕಿನಿಂದ ಕಾಲೆತ್ತಿ ಆಕ್ಸಿಲರೇಟರಿಗೆ ಹೋಗುವಷ್ಟರಲ್ಲಿ ಕ್ಲಚ್ ಇನ್ನೂ ಕಚ್ಚಿರುವುದಿಲ್ಲ, ಗಾಡಿ ಹಿಂದೆ ಜಾರುತ್ತದೆ. ತೆವಳುವ ವ್ಯವಸ್ಥೆ ಅಥವಾ ಹಿಲ್ ಹೋಲ್ಡ್ (ಏರಿನಲ್ಲಿ ಗಾಡಿಯನ್ನು ತುಸು ಹೊತ್ತು ತಾನೇ ಹಿಡಿದಿಡುವ ವ್ಯವಸ್ಥೆ) ಇಲ್ಲದ ಎಎಂಟಿಯಲ್ಲಿ ಏರು ಹತ್ತುವವರಿಗೂ ಹ್ಯಾಂಡ್‌ಬ್ರೇಕ್ ಬೇಕೇ ಬೇಕು. ಆಟೋಮ್ಯಾಟಿಕ್ ಅಲ್ವಾ ಎಂದು ನಂಬಿ ಹೋದವರು ಎಡವುವುದು ಇಲ್ಲೇ.

ಈಗ ನನ್ನ ಪೆಟ್ರೋಲಿಗೆ, ಅದರ ಏರಿನ ಕಾಟಕ್ಕೆ.

ಟರ್ಬೊ ಇಲ್ಲದ ಸಣ್ಣ ಪೆಟ್ರೋಲ್ ಎಂಜಿನ್ 700ರಿಂದ 900 ಆರ್‌ಪಿಎಂನಲ್ಲಿ ಐಡಲ್ ಆಗುತ್ತಿರುವಾಗ ಅದರ ಎಳೆತ ತೀರಾ ಕಡಿಮೆ. ಇನ್ನೊಂದೆಡೆ ಇಳಿಜಾರಿನ ಲೆಕ್ಕ ನೋಡಿ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ರಸ್ತೆಯಲ್ಲಿ 1,000 ಕೆ.ಜಿ. ತೂಕದ ಕಾರನ್ನು ಸುಮಾರು 100 ಕೆ.ಜಿ. ಬಲ ಹಿಂದಕ್ಕೆ ಎಳೆಯುತ್ತಿರುತ್ತದೆ. 65 ಕೆ.ಜಿ.ಯವರು ಒಬ್ಬರೇ ಕೂತರೆ ಅದು ಸುಮಾರು 106. ಪರೀಕ್ಷಕರು, ಕಲಿಸಿದವರು, ಹಿಂದಿನ ಸೀಟಿನಲ್ಲಿ ಇನ್ನೊಬ್ಬ ಅಭ್ಯರ್ಥಿ ಸೇರಿ ನಾಲ್ವರಾದರೆ 126. ನಿನ್ನೆ ಅದೇ ಏರಿನಲ್ಲಿ ಸರಾಗವಾಗಿ ಹೊರಟ ಗಾಡಿ ಟೆಸ್ಟ್ ದಿನ ಕೆಮ್ಮಿ ನಿಲ್ಲುವುದಕ್ಕೆ ಹೆದರಿಕೆ ಒಂದೇ ಕಾರಣವಲ್ಲ, ಈ 20 ಕೆ.ಜಿ. ಕೂಡ ಕಾರಣ. ತುಂಬಿದ ಕಾರಿನಲ್ಲಿ ಅಭ್ಯಾಸ ಮಾಡಿ ಎಂದು ಯಾರೂ ಹೇಳಿಕೊಡುವುದಿಲ್ಲ. ಮೂವರು ಗೆಳೆಯರನ್ನು ಕೂರಿಸಿಕೊಂಡು ಹತ್ತು ಸಲ ಏರು ಹತ್ತಿಸಿದರೆ ಅದೇ ದೊಡ್ಡ ಪಾಠ.

ಜಾರುವ ವೇಗವನ್ನೂ ತಿಳಿದಿರಬೇಕು. ಅದೇ ಏರಿನಲ್ಲಿ ಬ್ರೇಕಿನಿಂದ ಕಾಲೆತ್ತಿ ಒಂದು ಸೆಕೆಂಡ್ ತಡವಾದರೆ ಗಾಡಿ ಹಿಂದೆ ಹೋಗುವುದು ಅರ್ಧ ಮೀಟರಿನ ಆಸುಪಾಸು. ಎರಡು ಸೆಕೆಂಡಾದರೆ ಎರಡು ಮೀಟರಿಗೆ ಹತ್ತಿರ. ಎರಡರಷ್ಟು ಸಮಯಕ್ಕೆ ನಾಲ್ಕರಷ್ಟು ದೂರ. ಬ್ರೇಕಿನಿಂದ ಆಕ್ಸಿಲರೇಟರಿಗೆ ಸರಕ್ಕನೆ ಕಾಲು ಹಾರಿಸುವ ವಿಧಾನವನ್ನು ಹಳಬರು ಸಲೀಸಾಗಿ ಮಾಡುತ್ತಾರೆ, ಹೊಸಬರು ಆ ಜೂಜಿಗೆ ಇಳಿಯದಿರುವುದು ಒಳ್ಳೆಯದು. ಹಾರಿದ ಕಾಲು ಗಾಬರಿಯಲ್ಲಿ ಒತ್ತುವುದು ಒಂದೋ ಏನೂ ಇಲ್ಲ, ಇಲ್ಲ 4,000 ಆರ್‌ಪಿಎಂ.

ಹ್ಯಾಂಡ್‌ಬ್ರೇಕಿನ ಕ್ರಮ ಹೀಗೆ. ಕಾಲಿನ ಬ್ರೇಕ್ ಬಲವಾಗಿ ಒತ್ತಿಕೊಂಡೇ ಹ್ಯಾಂಡ್‌ಬ್ರೇಕ್ ಎಳೆಯಿರಿ. ಕ್ಲಚ್ ಪೂರ್ತಿ ಕೆಳಗೆ, ಒಂದನೇ ಗೇರು. ಬಲಗಾಲನ್ನು ಆಕ್ಸಿಲರೇಟರಿಗೆ ತಂದು 1,500ರಿಂದ 1,800 ಆರ್‌ಪಿಎಂಗೆ ಏರಿಸಿ ಅಲ್ಲೇ ನಿಲ್ಲಿಸಿ. ಮೀಟರ್ ಇಲ್ಲದ ಕಾರಾದರೆ ಮಿಕ್ಸಿಯ ಮೊದಲ ಹಂತದ ಗುಯ್‌ಗುಟ್ಟುವಿಕೆಯಷ್ಟು ಸದ್ದು ಅಂದುಕೊಳ್ಳಿ. ಆಮೇಲೆ ಕ್ಲಚ್ಚನ್ನು ಮೇಲೆ ಬಿಡುತ್ತಾ ಬನ್ನಿ. ಕ್ಲಚ್ ಕಚ್ಚುವ ಜಾಗ, ಅಂದರೆ ಎಂಜಿನ್ ಬಲ ಚಕ್ರಕ್ಕೆ ತಲುಪಲು ಶುರುವಾಗುವ ಜಾಗ, ಬಂದಾಗ ಮೂರು ಗುರುತು ಸಿಗುತ್ತವೆ: ಎಂಜಿನ್ ಸದ್ದು ದಪ್ಪವಾಗುತ್ತದೆ, ಮುಳ್ಳು ನೂರಿನ್ನೂರು ಆರ್‌ಪಿಎಂ ಕೆಳಗಿಳಿಯುತ್ತದೆ, ಬಾನೆಟ್ಟಿನ ತುದಿ ಚೂರು ಮೇಲೆದ್ದಂತೆ ಕಾಣುತ್ತದೆ. ಗಾಡಿ ಹೊರಡಲು ಎಳೆಯುತ್ತಿದೆ, ಹಿಂದಿನ ಚಕ್ರಗಳನ್ನು ಹ್ಯಾಂಡ್‌ಬ್ರೇಕ್ ಹಿಡಿದಿದೆ ಎಂದು ಅರ್ಥ. ಎಡಗಾಲನ್ನು ಅಲ್ಲೇ ಕಲ್ಲಿನಂತೆ ನಿಲ್ಲಿಸಿ. ಕನ್ನಡಿ ನೋಡಿ. ಗುಂಡಿ ಒತ್ತಿಕೊಂಡು ಹ್ಯಾಂಡ್‌ಬ್ರೇಕ್ ಇಳಿಸಿ. ಗಾಡಿ ಒಂದೆರಡು ಮೀಟರ್ ಸಾಗಿದ ಮೇಲಷ್ಟೇ ಕ್ಲಚ್ ಪೂರ್ತಿ ಬಿಡಿ.

ಎಡವಟ್ಟಾಗುವುದು ಹೆಚ್ಚಾಗಿ ಕೊನೆಯ ಎರಡು ಹೆಜ್ಜೆಗಳ ನಡುವೆ. ಹ್ಯಾಂಡ್‌ಬ್ರೇಕ್ ಇಳಿಸುವ ಕೈಯ ಜೊತೆಗೇ ಎಡಗಾಲೂ ಎದ್ದುಬಿಡುತ್ತದೆ, ಗಾಡಿ ಗಕ್ಕನೆ ಆಫ್. ಕೈ ಕೆಳಗೆ ಹೋದಾಗ ಕಾಲು ಮೇಲೆ ಬರಬಾರದು ಎಂಬುದನ್ನು ದೇಹಕ್ಕೆ ಬೇರೆಯಾಗಿಯೇ ಕಲಿಸಬೇಕು. ಅದಕ್ಕೊಂದು ಕಸರತ್ತು: ಖಾಲಿ ಏರಿನಲ್ಲಿ ಕಚ್ಚುವ ಜಾಗ ಹುಡುಕಿ, ಹ್ಯಾಂಡ್‌ಬ್ರೇಕ್ ಇಳಿಸಿ, ಗಾಡಿಯನ್ನು ಮುಂದೆಯೂ ಹಿಂದೆಯೂ ಹೋಗಗೊಡದೆ ಹಾಫ್ ಕ್ಲಚ್ಚಿನಲ್ಲೇ ಮೂರು ಸೆಕೆಂಡ್ ನಿಲ್ಲಿಸಿ, ಮತ್ತೆ ಹ್ಯಾಂಡ್‌ಬ್ರೇಕ್ ಎಳೆಯಿರಿ. ಸತತವಾಗಿ ನಾಲ್ಕೈದು ಸಲಕ್ಕಿಂತ ಹೆಚ್ಚು ಬೇಡ. ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟ್ ಕಾದಿದೆ, ಹತ್ತು ನಿಮಿಷ ಬಿಟ್ಟುಬಿಡಿ.

ಎಸಿ ಆಫ್ ಮಾಡಿ. ಸಣ್ಣ ಎಂಜಿನ್ ಕ್ಲಚ್ಚಿಗೆ ಬಲ ಕೊಡುವ ಹೊತ್ತಿಗೆ ಸರಿಯಾಗಿ ಎಸಿ ಕಂಪ್ರೆಸರ್ ಶುರುವಾದರೆ ಆ ಭಾರವೂ ಅದರ ತಲೆಗೇ ಬೀಳುತ್ತದೆ.

ಹ್ಯಾಂಡ್‌ಬ್ರೇಕನ್ನೂ ಪರೀಕ್ಷಿಸಿಕೊಳ್ಳಬೇಕು. ಐದಾರು ಕ್ಲಿಕ್ಕಿಗೆ ಬಿಗಿಯಾಗದೆ ಹತ್ತು ಹನ್ನೆರಡರವರೆಗೆ ಎಳೆಯಬೇಕಾಗಿ ಬಂದರೆ ಕೇಬಲ್ ಸಡಿಲವಾಗಿದೆ ಅಥವಾ ಬ್ರೇಕ್ ಸವೆದಿದೆ, ಏರಿನಲ್ಲಿ ಅದನ್ನು ನಂಬಬೇಡಿ. ಕೇಬಲ್ ಕ್ಲಚ್ ಇರುವ ಕಾರುಗಳಲ್ಲಿ ಪ್ಲೇಟ್ ಸವೆದಂತೆ ಕಚ್ಚುವ ಜಾಗವೂ ಮೇಲಕ್ಕೆ ಹೋಗುತ್ತದೆ. ಹತ್ತಾರು ಹೊಸ ಕಾಲುಗಳು ತುಳಿದ ತರಬೇತಿ ಕಾರಿನಲ್ಲಿ ಅದು ಪೆಡಲಿನ ತುತ್ತತುದಿಯಲ್ಲಿ ಇದ್ದರೆ ಅಚ್ಚರಿಯಿಲ್ಲ. ಒಂದೇ ಕಂಪನಿಯ ಒಂದೇ ಮಾಡೆಲ್ಲಿನ ಎರಡು ಕಾರುಗಳಲ್ಲೂ ಇದು ಒಂದೇ ಕಡೆ ಇರುವುದಿಲ್ಲ. ಹಾಗಾಗಿ ಟೆಸ್ಟ್ ದಿನ "ಅಂಥದ್ದೇ ಇನ್ನೊಂದು ಕಾರು ಕೊಡ್ತೀವಿ" ಅಂದರೆ ಒಪ್ಪಬೇಡಿ.

ಹಾಗಾದರೆ ಹಿಲ್ ಹೋಲ್ಡ್ ಇರುವ ಹೊಸ ಪೆಟ್ರೋಲ್ ಕಾರನ್ನೇ ಆರಿಸಬಾರದೇಕೆ? ಆರಿಸಬಹುದು. ಬ್ರೇಕ್ ಬಿಟ್ಟ ಮೇಲೂ ಅದು ಸುಮಾರು ಎರಡು ಸೆಕೆಂಡ್ ಗಾಡಿಯನ್ನು ಹಿಡಿದಿಡುತ್ತದೆ. ತೊಂದರೆ ಆ ಎರಡು ಸೆಕೆಂಡ್ ಮುಗಿದ ಮೇಲಿನದು: ಎಚ್ಚರಿಕೆಯ ಸದ್ದಿಲ್ಲದೆ ಕೈಬಿಡುತ್ತದೆ. ಇಳಿಜಾರು ಸಣ್ಣದಾದರೆ ಅದು ಹಿಡಿಯದೆಯೂ ಇರಬಹುದು. ಅದನ್ನು ನಂಬಿ ಕಲಿತವರಿಗೆ ಅದಿಲ್ಲದ ಕಾರಿನಲ್ಲಿ ಕೈಕಾಲು ಆಡುವುದಿಲ್ಲ. ಗುಂಡಿ ಒತ್ತುವ ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕಿನದು ಇನ್ನೊಂದು ಕಥೆ. ಕ್ಲಚ್ ಕಚ್ಚಿ ಆಕ್ಸಿಲರೇಟರ್ ಒತ್ತಿದಾಗ ಹಲವು ಕಾರುಗಳಲ್ಲಿ ಅದು ತಾನೇ ಬಿಡುತ್ತದೆ, ಆದರೆ ಸೀಟ್‌ಬೆಲ್ಟ್ ಹಾಕದಿದ್ದರೆ ಅಥವಾ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಬಿಡದೆ ಕೂರುತ್ತದೆ. ಯಾವ ಕ್ಷಣಕ್ಕೆ ಬಿಡುತ್ತದೆ ಎಂಬುದು ಕೈಗೆ ಗೊತ್ತಾಗುವುದೂ ಇಲ್ಲ. ಕೈಯಲ್ಲಿ ಎಳೆಯುವ ಲಿವರ್ ಹಾಗಲ್ಲ. ಅದು ಎಷ್ಟು ಬಿಟ್ಟಿದೆ, ಇನ್ನೆಷ್ಟು ಹಿಡಿದಿದೆ ಎಂಬುದೆಲ್ಲ ಅಂಗೈಗೆ ತಿಳಿಯುತ್ತದೆ, ಗಾಡಿ ಜಾರಿದರೆ ಅದೇ ಕೈಯಲ್ಲಿ ಮತ್ತೆ ಎಳೆಯಬಹುದು. ಹಳೇ ಲಿವರ್ ಮೇಲೆ ನನಗಿರುವ ಮೋಹಕ್ಕೆ ಇಷ್ಟೇ ಕಾರಣ.

ಸ್ಟಾರ್ಟ್-ಸ್ಟಾಪ್ (ಗಾಡಿ ನಿಂತಾಗ ಎಂಜಿನ್ ತಾನೇ ನಿಲ್ಲಿಸಿ ಮತ್ತೆ ಶುರು ಮಾಡುವ ವ್ಯವಸ್ಥೆ) ಇರುವ ಕಾರಾದರೆ ಹೊರಡುವ ಮುನ್ನವೇ ಅದರ ಗುಂಡಿ ಒತ್ತಿ ಬಂದ್ ಮಾಡಿ. ಪ್ರತಿ ಸಲ ಇಗ್ನಿಷನ್ ಹಾಕಿದಾಗ ಸಾಮಾನ್ಯವಾಗಿ ಅದು ಮತ್ತೆ ಚಾಲೂ ಆಗಿರುತ್ತದೆ. ನಿಂತಲ್ಲಿ ಎಂಜಿನ್ ತಾನಾಗಿ ನಿಂತಾಗ, ತಾವೇ ಆಫ್ ಮಾಡಿಬಿಟ್ಟೆವು ಎಂದುಕೊಂಡು ಕೀ ತಿರುಗಿಸಿ ಗೊಂದಲ ಮಾಡಿಕೊಂಡವರಿದ್ದಾರೆ.

ನಿಜವಾಗಿಯೂ ಆಫ್ ಆದರೆ ಏನು? ಮೂರೂ ಕಾರುಗಳಿಗೆ ಉತ್ತರ ಹೆಚ್ಚುಕಡಿಮೆ ಒಂದೇ: ಬ್ರೇಕ್, ಹ್ಯಾಂಡ್‌ಬ್ರೇಕ್, ನ್ಯೂಟ್ರಲ್, ಸ್ಟಾರ್ಟ್, ಕನ್ನಡಿ, ಹೊರಡು. ಒಂದು ಸಲ ಆಫ್ ಆಗುವುದಕ್ಕಿಂತ ಗಾಬರಿಯಲ್ಲಿ ಬ್ರೇಕ್ ಬಿಟ್ಟು ಹಿಂದೆ ಜಾರುವುದೇ ಹೆಚ್ಚು ಅಪಾಯದ್ದು, ಪರೀಕ್ಷಕರು ಗಮನಿಸುವುದೂ ಅದನ್ನೇ.

ತಿರುಗುವ ವ್ಯಾಸದಲ್ಲಿ ಸಣ್ಣ ಕಾರಿಗೆ ಗೆಲುವು. ಹಿಂದೆ ಕಾಣುವುದರಲ್ಲಿ ಹ್ಯಾಚ್‌ಬ್ಯಾಕ್ ಮೇಲು, ಸೆಡಾನಿನ ಡಿಕ್ಕಿ ಎಲ್ಲಿ ಮುಗಿಯುತ್ತದೆಂದು ಹೊಸಬರಿಗೆ ಕಾಣುವುದಿಲ್ಲ. ಹಿಂಬದಿ ಕ್ಯಾಮೆರಾ ಎಲ್ಲ ಕಡೆ ಬಳಸಲು ಬಿಡುವುದಿಲ್ಲ, ಬಿಟ್ಟರೂ ಕತ್ತು ತಿರುಗಿಸಿ ನೋಡಲೇಬೇಕು.

ಎರಡು ಜೊತೆ ಪೆಡಲ್ ಇರುವ ತರಬೇತಿ ಕಾರಿನದು ಒಂದು ಮೋಸ ಇದೆ, ಅದು ಪೆಟ್ರೋಲಿಗೂ ಡೀಸೆಲ್ಲಿಗೂ ಸಮ. ಪಕ್ಕದಲ್ಲಿ ಕೂತವರು ತಮ್ಮ ಕ್ಲಚ್ಚನ್ನು ಚೂರು ಒತ್ತಿ ಹಿಡಿದರೆ ನಿಮ್ಮ ಕಾಲು ತಪ್ಪಿದರೂ ಗಾಡಿ ಆಫ್ ಆಗುವುದಿಲ್ಲ. ಕಲಿಯುವವರು ತಮಗೇ ಬಂತು ಎಂದುಕೊಳ್ಳುತ್ತಾರೆ. ಎರಡೂ ಪೆಡಲ್‌ಗಳು ಸರಳಿನಿಂದಲೋ ಕೇಬಲ್‌ನಿಂದಲೋ ಜೋಡಿಸಿರುವುದರಿಂದ ಕಂಡುಹಿಡಿಯುವುದು ಸುಲಭ: ಕ್ಲಚ್ ಬಿಡುವಾಗ ಪೆಡಲ್ ನಿಮ್ಮ ಅಂಗಾಲಿಗೆ ಅಂಟಿಕೊಂಡೇ ಮೇಲೆ ಬರಬೇಕು. ನಡುವೆ ಅಂಗಾಲು ಹಗುರಾಗಿ ಪೆಡಲ್ ಕೆಳಗೇ ಉಳಿದರೆ ಅದನ್ನು ಹಿಡಿದಿರುವುದು ಬೇರೆಯವರ ಕಾಲು. ಟೆಸ್ಟಿಗೆ ಮೊದಲಿನ ಕೊನೆಯ ಎರಡು ಪಾಠದಲ್ಲಾದರೂ ಕಾಲು ಮಡಚಿ ಕೂತಿರಿ ಎಂದು ಕೇಳಿಕೊಳ್ಳಿ.

ಹದಿನೆಂಟರ ವಯಸ್ಸಿನಲ್ಲಿ ಪರವಾನಗಿ ಪಡೆದವರಿಗೆ ಮುಂದೆ ಕೈಗೆಟಕುವುದು ಸಾಮಾನ್ಯವಾಗಿ ಯಾರದೋ ಹಳೇ ಸಣ್ಣ ಪೆಟ್ರೋಲ್ ಕಾರು. ನನ್ನ ಓಡಾಟವೂ ಅಂಥ ಕಾರಿನಲ್ಲೇ, ನನ್ನ ಆಯ್ಕೆ ಆ ಕಡೆ ವಾಲಿರುವುದು ಅದಕ್ಕೇ. ಆಟೋಮ್ಯಾಟಿಕ್ ಬಿಟ್ಟು ಬೇರೇನೂ ಓಡಿಸುವುದಿಲ್ಲ ಎಂದು ಗೊತ್ತಿರುವವರಿಗೆ, ಎಡಗಾಲಿನ ತೊಂದರೆ ಇರುವವರಿಗೆ ಆಟೋಮ್ಯಾಟಿಕ್ಕೇ ಸರಿ. ಮನೆಯಲ್ಲಿ ಡೀಸೆಲ್ ಕಾರೇ ಇದ್ದರೆ ಡೀಸೆಲ್. ಉಳಿದವರು ದುಬಾರಿ ಹೊಸ ಕಾರಿಗೆ ಹೆಚ್ಚು ಶುಲ್ಕ ಕಟ್ಟುವ ಬದಲು ಅದೇ ಹಣದಲ್ಲಿ ಹಳೇ ಪೆಟ್ರೋಲಿನಲ್ಲಿ ಎರಡು ತಾಸು ಹೆಚ್ಚಿಗೆ ತೆಗೆದುಕೊಳ್ಳಿ. ಒಂದು ತಾಸು ಪೂರ್ತಿ ಏರಿನಲ್ಲಿ, ಕಾರು ತುಂಬಿಸಿಕೊಂಡು. ಇನ್ನೊಂದು ಟೆಸ್ಟಿನ ಬೆಳಗ್ಗೆ, ಅದೇ ಕಾರಿನಲ್ಲಿ, ಟೆಸ್ಟಿಗೆ ಹಾಕುವ ಅದೇ ಚಪ್ಪಟೆ ಅಡಿಯ ತೆಳು ಶೂ ಹಾಕಿಕೊಂಡು. ಕ್ಲಚ್ ನೆಲ ಮುಟ್ಟಿದಾಗಲೂ ಮಂಡಿ ಸ್ವಲ್ಪ ಮಡಚಿರುವಂತೆ ಸೀಟು ಹೊಂದಿಸಿ, ಅದು ಹಳಿಯ ಮೇಲೆ ಎಷ್ಟನೇ ಕಚ್ಚಿನಲ್ಲಿದೆ ಎಂದು ಎಣಿಸಿಟ್ಟುಕೊಳ್ಳಿ. ನಿಮ್ಮ ಸರದಿ ಬರುವಷ್ಟರಲ್ಲಿ ಮೊದಲು ಹೋದವರು ಅದನ್ನು ಸರಿಸಿರುತ್ತಾರೆ.