ಸಾವಿನ ಬಗ್ಗೆ ಒಂದು ಚಿತ್ರಪುಸ್ತಕ: ಕೊನೆಯ ಪುಟ ಬಿಟ್ಟರೆ ಚೆನ್ನಾಗಿದೆ

ಈ ಪುಸ್ತಕದಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಹಕ್ಕಿಯ ಪುಟ. ಹಕ್ಕಿ ಸತ್ತಿದೆ, ಇನ್ನು ಉಸಿರಾಡಲ್ಲ, ಹಸಿವಾಗಲ್ಲ, ನೋವಾಗಲ್ಲ ಅಂತ ನೇರವಾಗಿ ಹೇಳುತ್ತದೆ. ನಾಲ್ಕು ವರ್ಷದ ಮಗಳು ತಕ್ಷಣ, ‘ಹಾಗಾದ್ರೆ ಅಜ್ಜನಿಗೂ ಚಳಿ ಆಗಲ್ವಾ?’ ಎಂದಳು. ಸತ್ತವರು ವಾಪಸ್ ಬರಲ್ಲ ಅನ್ನೋದು ಈ ವಯಸ್ಸಿಗೆ ಬೇಗ ತಲೆಗೆ ಹೋಗಲ್ಲ. ಕೇಳಿದ್ದನ್ನೇ ಕೇಳುತ್ತಾರೆ. ಪುಸ್ತಕವೂ ಬೇಸರಪಡದೆ ಅದೇ ಉತ್ತರ ಕೊಡುತ್ತದೆ.

ಕೊನೆಯ ಪುಟ ಮಾತ್ರ ಯಾರು ಬರೆದರೋ! ಅಲ್ಲಿ ಅಜ್ಜಿ ‘ದೀರ್ಘ ನಿದ್ದೆಗೆ ಜಾರಿದರು’ ಅಂತೆ. ಪುಟ್ಟ ಮಕ್ಕಳು ಇದನ್ನು ಹಾಗೇ ನಂಬಿ ಮಲಗೋಕೇ ಹೆದರಬಹುದು, ಅಲ್ವಾ? ಆ ಸಾಲಿನ ಮೇಲೆ ಬಿಳಿ ಕಾಗದ ಅಂಟಿಸಿ ‘ಸತ್ತುಹೋದರು’ ಅಂತ ಬರೆದಿದ್ದೇನೆ. ಬೈಂಡಿಂಗ್ ಗಟ್ಟಿ, ಅಕ್ಷರ ದೊಡ್ಡದು. ಮೊದಲು ನೀವೊಬ್ಬರೇ ಓದಿಕೊಳ್ಳಿ. ಐದಕ್ಕೆ ಮೂರೂವರೆ.